ಬೀದಿ ಕಡೆಯ ಕೋಣೆ

ಬಾಡಿಗೆ ಎರಡು ಸಾವಿರ ಇಳಿಯಿತು ಎಂದು ಹೆಂಡತಿಗೆ ಹೇಳಿ ಆಗಲೇ ಒಂದು ರಾತ್ರಿ ಕಳೆದಿತ್ತು. ಇನ್ನು ಹೋಗಿ ಅದನ್ನು ಇಳಿಸುವುದೊಂದು ಬಾಕಿಯಿತ್ತು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಕೈಚೀಲ, ಕೈಚೀಲದ ಬಾಯಲ್ಲಿ ಅಳತೆ ಟೇಪಿನ ತುದಿ. ಹೊಸ ಕೋಣೆಯಲ್ಲಿ ಹೊಲಿಗೆ ಮಷಿನ್ನು ಯಾವ ಗೋಡೆಗೆ ಕೂರುತ್ತದೆ, ಬೆಳಕು ಎಡದಿಂದ ಬರುತ್ತದೋ ಬಲದಿಂದಲೋ ನೋಡಿಕೊಂಡೇ ಬರುತ್ತೇನೆ ಎಂದು ಅವಳು ಬೆಳಿಗ್ಗೆ ಎದ್ದವಳೇ ತಲೆ ಬಾಚಿ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಬೇಡ ಎನ್ನಲು ಅವನಿಗೆ ಒಂದು ನೆಪವೂ ಹೊಳೆಯಲಿಲ್ಲ. ನಿನ್ನೆ ಸಂಜೆ ಅವನೊಬ್ಬನೇ ಬಂದು ಮನೆ ನೋಡಿದ್ದ. ಮಾಲೀಕರು ಎಷ್ಟು ಜನ ಎಂದು ಕೇಳಿದರು, ನಾನು, ಹೆಂಡತಿ, ಮಗಳು, ಅಕ್ಕ ಎಂದ. ಬಾಡಿಗೆ ಹೇಳಿದರು, ಅವನು ತಲೆಯಾಡಿಸಿದ. ನಾಳೆ ಬನ್ನಿ, ಅಗ್ರಿಮೆಂಟ್ ಟೈಪ್ ಮಾಡಿಸಿ ಇಟ್ಟಿರ್ತೀನಿ ಎಂದರು, ಅದಕ್ಕೂ ತಲೆಯಾಡಿಸಿದ. ನಡೆದದ್ದು ಅಷ್ಟೇ. ಮನೆಗೆ ಬಂದರೆ ಹೆಂಡತಿ, ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು, ಬಕೆಟ್ಟಿನ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟುಕೊಂಡು ಕೂತಿದ್ದಳು. ಕೇಳಿದ್ರಾ ಎಂದಳು. ಕೇಳಿದೆ ಎಂದ. ಎಷ್ಟು ಬಿಟ್ರು ಎಂದಳು. ಎರಡು ಸಾವಿರ ಎಂದ. ಮಾತು ಬಾಯಿಂದ ಬಿದ್ದ ಮೇಲೆಯೇ ತಾನು ಏನಂದೆ ಎನ್ನುವುದು ಅವನಿಗೆ ತಿಳಿದದ್ದು. ಹೆಂಡತಿ ನಕ್ಕಳು. ಊರವರದೆಲ್ಲ ಇಳಿಸೋರು, ನಮ್ಮದೊಂದು ಇಳಿಸದೆ ಬಿಡ್ತೀರಾ ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದರಿಂದ ಅವನು ಮಾತು ತಿದ್ದಲಿಲ್ಲ.

ಆ ಎರಡು ಸಾವಿರ ಸುಮ್ಮನೆ ಆಡಿದ ಸಂಖ್ಯೆಯಾಗಿರಲಿಲ್ಲ. ಈಗಿರುವ ಮನೆ ಮಾರಾಟವಾಗಿ, ತಿಂಗಳ ಕೊನೆಯೊಳಗೆ ಖಾಲಿ ಮಾಡಿ ಎಂದು ಹೊಸ ಯಜಮಾನನ ಕಡೆಯವರು ಎರಡು ಸಲ ಬಂದು ಹೇಳಿ ಹೋಗಿದ್ದರು. ಆಸ್ಪತ್ರೆಯ ಹಿಂದೆ ಎರಡು ಕೋಣೆಯ ಮನೆಯೊಂದಿತ್ತು. ಅದು ಕೈಗೆ ನಿಲುಕುವಂಥದ್ದು. ಈ ಮನೆಗೆ ಮೂರು ಕೋಣೆ. ಬಾಡಿಗೆ ಎರಡು ಸಾವಿರ ಇಳಿದರೆ ಇದು, ಇಲ್ಲದಿದ್ದರೆ ಅದು ಎಂದು ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು. ಮೂರನೆಯ ಕೋಣೆ ಬೇಕಾದದ್ದು ಅಕ್ಕನಿಗೆ. ಹದಿನಾಲ್ಕು ವರ್ಷದಿಂದ ಅಕ್ಕ ಅವರ ಜೊತೆಗಿದ್ದಳು, ಹಾಲ್‌ನ ಮೂಲೆಯಲ್ಲಿ, ತಾನೇ ಹೊಲಿದ ನೀಲಿ ಪರದೆಯ ಹಿಂದೆ. ಆ ಕಡೆ ಮಷಿನ್ನು, ಈ ಕಡೆ ಬೆಳಿಗ್ಗೆ ಮಡಚಿಡುವ ಮಂಚ. ಯಾರಾದರೂ ಬಂದರೆ ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು, ಪೆಡಲಿನ ಮೇಲೆ ಏಳುತ್ತಾ ಬೀಳುತ್ತಾ. ಬಂದವರ ಮಾತು ಮುಗಿಯುವವರೆಗೆ ಕೆಲವೊಮ್ಮೆ ಪಾದ ತಾನಾಗಿ ನಿಂತುಬಿಡುತ್ತಿತ್ತು. "ಅಕ್ಕನಿಗೆ ಒಂದು ಬಾಗಿಲು ಬೇಕು ರೀ," ಎಂದಿದ್ದಳು ಹೆಂಡತಿ. "ಬಟ್ಟೆ ಬದಲಾಯಿಸೋಕೆ ಇವತ್ತಿಗೂ ಬಚ್ಚಲಿಗೆ ಹೋಗ್ತಾರೆ. ನಿಮ್ಮ ಕಣ್ಣಿಗೆ ಅದು ಬಿದ್ದೇ ಇಲ್ವಾ?" ಬಿದ್ದಿರಲಿಲ್ಲ. ಬೇರೆಯವರ ಮನೆಯಲ್ಲಿ ಗೋಡೆಯ ಬಿರುಕು, ತೇವದ ಕಲೆ, ಮಾರಿಕೊಂಡ ಪಾತ್ರೆಯ ಖಾಲಿ ಜಾಗ ಎಲ್ಲವೂ ಬೀಳುತ್ತಿದ್ದ ಕಣ್ಣು ಅದು. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂದಿತ್ತು. ತನ್ನ ಅಕ್ಕನ ಬಗ್ಗೆ ತನಗಿಂತ ಮೊದಲು ಅವಳಿಗೆ ಕಂಡಿತಲ್ಲ ಎಂದು.

ಅವನ ಕೆಲಸ ವಿಮಾ ಕಂಪನಿಯಲ್ಲಿ, ನಷ್ಟ ಅಳೆಯುವುದು. ಬೆಂಕಿ ಬಿದ್ದ ಅಂಗಡಿ, ನೀರು ನುಗ್ಗಿದ ಗೋದಾಮು, ಕಳ್ಳತನವಾದ ಮನೆ, ಎಲ್ಲ ಕಡೆಗೂ ಮೊದಲು ಅವನು ಹೋಗಬೇಕು. ಕಳೆದುಕೊಂಡವರು ಬರೆದುಕೊಟ್ಟ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಆಫೀಸಿಗೆ ಬರುವಾಗ ಆ ಪಟ್ಟಿ ಹೋದಾಗಿನಷ್ಟು ಉದ್ದ ಇರಬಾರದು. ಮೊತ್ತದ ಜೊತೆ ಜಗಳವಾಡಬಾರದು, ಪಟ್ಟಿಯಿಂದ ಒಂದು ಸಾಮಾನು ತೆಗೆಯಬೇಕು, ಆಗ ಮೊತ್ತ ತಾನೇ ಇಳಿಯುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಅದಕ್ಕೆ ಅವನು ತನ್ನದೇ ಒಂದನ್ನು ಸೇರಿಸಿದ್ದ. ತಾನು ಎಂದೂ ಗೀಟು ಹಾಕುತ್ತಿರಲಿಲ್ಲ. ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು, ಪೆನ್ನನ್ನು ಎದುರಿನವರ ಕಡೆ ಚಾಚಿ, ಸುಮ್ಮನಿರುತ್ತಿದ್ದ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಿದ್ದ. ಎಂಟು ದಾಟುವಷ್ಟರಲ್ಲಿ ಅವರೇ ಪೆನ್ನು ತೆಗೆದುಕೊಂಡು ತಮ್ಮ ಕೈಯಾರೆ ಆ ಸಾಲಿಗೆ ಗೀಟು ಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿಕೊಡುತ್ತಿದ್ದರು. ಆಫೀಸಿನಲ್ಲಿ ಅವನನ್ನು ಗೀಟು ಸಾಹೇಬರು ಎಂದು ಕರೆಯುತ್ತಿದ್ದರು. ಹಿಂದಿನಿಂದ ಕರೆಯುತ್ತಿದ್ದದ್ದು ಈಚೆಗೆ ಮುಂದೆಯೂ ಶುರುವಾಗಿತ್ತು. ಅವನ ಪಟ್ಟಿಗಳ ಮೇಲೆ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ, ತಾವೇ ಹಾಕಿದ ಗೀಟಿನ ಮೇಲೆ ಯಾರು ಹೋಗುತ್ತಾರೆ.

ಬಸ್ಸಿಳಿದು ಎರಡು ತಿರುವು ನಡೆದರೆ ಆ ಬೀದಿ. ಅಕ್ಕ ಮನೆಯನ್ನು ಗೇಟಿನಿಂದಲೇ ನೋಡಿದಳು: ಕೆಳಗೆ ಮಾಲೀಕರ ಮನೆ, ಪಕ್ಕದಲ್ಲಿ ಹೊರಗಿನ ಮೆಟ್ಟಿಲು, ಮೇಲೆ ಬೀದಿಯ ಕಡೆಗೆ ಒಂದು ಕಿಟಕಿ. ಅದೇನಾ ಎಂದು ಕಣ್ಣಲ್ಲೇ ಕೇಳಿದಳು. ಅವನು ಹೂಂ ಎಂದ. ಎದುರುಗಡೆ ದಾರ, ಗುಂಡಿ, ಲೇಸು ಮಾರುವ ಅಂಗಡಿಯಿತ್ತು, ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯವನ ಹೆಸರು. ನೋಡು, ನಂಗೇ ಅಂತ ಇಟ್ಟ ಹಾಗಿದೆ ಎಂದಳು ಅಕ್ಕ. ಅವಳ ಐವತ್ತೆರಡು ವರ್ಷದ ಮುಖದಲ್ಲಿ ಯಾವತ್ತೂ ಕಾಣದ ಒಂದು ಆಸೆ ಆಗ ಕಂಡಿತು. ಅವನಿಗೆ ಅದನ್ನು ನೋಡಲಾಗಲಿಲ್ಲ. ಮಷಿನ್ ಸೂಜಿ ತೊಗೊಂಡು ಬಾ, ಅಷ್ಟರಲ್ಲಿ ನಾನು ಮೇಲೆ ಮಾತಾಡಿರ್ತೀನಿ, ಆಮೇಲೆ ಕರೀತೀನಿ ಎಂದ. ಮಾತಾಡೋದೇನು, ಆಗ್ಲೇ ಮಾತಾಯ್ತಲ್ಲ, ಸಹಿ ತಾನೇ ಎಂದಳು. ಹೌದು, ಸಹಿ ಎಂದ. ಅವಳು ಹೋದಳು. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಮತ್ತೆ ಒಮ್ಮೆ ನೋಡಿ, ಚೀಲವನ್ನು ಎದೆಗೆ ಒತ್ತಿಕೊಂಡು ಓಡಿದಳು. ಅವಳ ಕೈ ಹಿಡಿದು ರಸ್ತೆ ದಾಟಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿಯೂ ಅವಳು ಹೀಗೆಯೇ ಮೂರು ಸಲ ನೋಡುತ್ತಿದ್ದಳು, ಅವನಿಗೆ ಗೆಳೆಯರ ಮುಂದೆ ನಾಚಿಕೆಯಾಗುತ್ತಿತ್ತು.

ಮಾಲೀಕರು ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ಮೀಟರು ನೋಡಿ, ಮೀಟರು ನೋಡುವವರನ್ನು ನೋಡಿ, ನಿವೃತ್ತರಾದವರು. ಸೆಕೆಯಿದ್ದರೂ ತೋಳಿಲ್ಲದ ಸ್ವೆಟರು ಹಾಕಿದ್ದರು. ಸೊಂಟದಲ್ಲಿ ಕೀಲಿಗೊಂಚಲು. ಬನ್ನಿ ಇವ್ರೇ ಎಂದು ಮೆಟ್ಟಿಲು ಹತ್ತಿ, ಬಾಗಿಲು ತೆಗೆದು, ಹಾಲ್‌ನಲ್ಲಿ ಬಿಟ್ಟುಹೋಗಿದ್ದ ಹಳೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿ, ಓದ್ಕೊಳ್ಳಿ ಎಂದರು. ಖಾಲಿ ಮನೆಯಲ್ಲಿ ಅವರ ದನಿ ಒಂದಕ್ಕೆರಡಾಗಿ ಕೇಳಿಸಿತು. ಅವನು ಓದಲಿಲ್ಲ. ಗೊತ್ತಿರುವ ವಿದ್ಯೆಯನ್ನು ಹಿಡಿದು ಹೊರಟ. ಬಚ್ಚಲಿನ ಪಕ್ಕದ ಗೋಡೆಯ ಮುಂದೆ ನಿಂತು ಅಂಗೈ ಇಟ್ಟ. ತಣ್ಣಗಿತ್ತು, ಸುಣ್ಣ ಉಬ್ಬಿತ್ತು. ಅಡುಗೆಮನೆಯ ಬಾಗಿಲನ್ನು ಎರಡು ಸಲ ಹಾಕಿ ತೆಗೆದ, ಕೆಳಗೆ ನೆಲಕ್ಕೆ ಉಜ್ಜುತ್ತಿತ್ತು. ಕೊಳಾಯಿಯನ್ನು ಬಿಗಿದು ನಿಲ್ಲಿಸಿದರೂ ಹನಿ ನಿಲ್ಲಲಿಲ್ಲ. ಒಂದು ಮಾತೂ ಆಡದೆ ಎಲ್ಲವನ್ನೂ ನೋಡಿ ಬಂದು, ಮೇಜಿನ ಮುಂದೆ ನಿಂತು, ಬಾಡಿಗೆಯ ಸಾಲಿನ ಮೇಲೆ ಬೆರಳಿಟ್ಟು, ಸುಮ್ಮನಾದ. ಎಣಿಸತೊಡಗಿದ. ಹತ್ತಾಯಿತು. ಇಪ್ಪತ್ತಾಯಿತು. ಮಾಲೀಕರು ಸ್ವೆಟರಿನ ಅಂಚನ್ನು ಎಳೆದು ಸರಿಮಾಡಿಕೊಂಡು ಅವನ ಬೆರಳನ್ನೇ ನೋಡುತ್ತಾ ನಿಂತರು. ಬಿಲ್ಲು ಜಾಸ್ತಿ ಬಂತು ಎಂದು ಕೂಗಾಡುತ್ತಾ ಬರುವವರ ಮುಂದೆ ಮೂವತ್ತು ವರ್ಷ ಸುಮ್ಮನೆ ಕೂತು ಅಭ್ಯಾಸವಿದ್ದ ಮನುಷ್ಯ. ಕೊಳಾಯಿ ಮಾತ್ರ ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು.

ಮೂವತ್ತನಾಲ್ಕಕ್ಕೆ ಅವನೇ ಬಾಯಿ ಬಿಟ್ಟ. ಸ್ವಲ್ಪ ನೋಡಿ ಮಾಡಿ ಸಾರ್ ಎಂದ. ಆ ದನಿ ಕೇಳಿ ಅವನಿಗೇ ಅಸಹ್ಯವಾಯಿತು. ಅದು ಅವನ ದನಿಯಲ್ಲ. ಒದ್ದೆ ಗೋದಾಮುಗಳಲ್ಲಿ, ಮಸಿ ಹಿಡಿದ ಅಂಗಡಿಗಳಲ್ಲಿ ಅವನಿಗೆ ಎದುರಾಗಿ ನಿಂತವರ ದನಿ. ಪ್ರವಾಹದ ವರ್ಷ ಒಬ್ಬ ಫೋಟೋ ಸ್ಟುಡಿಯೋದವನಿದ್ದ, ವಯಸ್ಸಾದವನು. ಪಟ್ಟಿಯಲ್ಲಿ ಹದಿನೇಳು ಸಾಮಾನು ಬರೆದಿದ್ದ. ಒಂಬತ್ತನೆಯದು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಪರದೆ, ಜನರನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದದ್ದು; ಒಂದು ತೋಟ, ಮೆಟ್ಟಿಲು, ದೂರದಲ್ಲಿ ಒಂದು ಕೆರೆ. ನೀರು ಕುಡಿದು ಬಣ್ಣವೆಲ್ಲ ಒಂದಕ್ಕೊಂದು ಹರಿದು, ಕೆರೆ ಯಾವುದು ಮೆಟ್ಟಿಲು ಯಾವುದು ತಿಳಿಯುತ್ತಿರಲಿಲ್ಲ. ಅವನು ಒಂಬತ್ತರ ಮೇಲೆ ಬೆರಳಿಟ್ಟ. ಪೆನ್ನು ಚಾಚಿದ. ಸ್ವಲ್ಪ ನೋಡಿ ಮಾಡಿ ಸಾರ್ ಎಂದ ಸ್ಟುಡಿಯೋದವನು. ಅವನು ಎಣಿಸುತ್ತಿದ್ದ. ಏಳಕ್ಕೆ ಆ ಮನುಷ್ಯ ಪೆನ್ನು ತೆಗೆದುಕೊಂಡ, ಅದು ಹಳೇದು ಬಿಡಿ ಸಾರ್, ನಮ್ಮಪ್ಪನ ಕಾಲದ್ದು, ಯಾರು ಈಗ ಅದರ ಮುಂದೆ ನಿಲ್ತಾರೆ ಎಂದು ತಾನೇ ಸಮಾಧಾನ ಹೇಳುತ್ತಾ ಗೀಟು ಹಾಕಿದ. ಆಮೇಲೆ ಚಹಾ ತರಿಸಿದ. ಚಹಾ ಚೆನ್ನಾಗಿತ್ತು, ಅವನು ಪೂರ್ತಿ ಕುಡಿದ. ಅಂದಿನಿಂದ ಇಂದಿನವರೆಗೆ ಅವನಿಗೆ ಆ ಬಗ್ಗೆ ಏನೂ ಅನ್ನಿಸಿರಲಿಲ್ಲ; ಈಗ ಈ ಖಾಲಿ ಹಾಲ್‌ನಲ್ಲಿ, ಗಂಟಲಲ್ಲಿ ಆ ಚಹಾದ ಸಿಹಿ ಬಂದು ನಿಂತಿತು.

ಮಾಲೀಕರು ಒರಟಾಗಿ ಮಾತಾಡಲಿಲ್ಲ. ಒರಟಾಗಿದ್ದರೆ ಅವನೂ ಒರಟಾಗಿ, ಬೇಡ ಹೋಗಿ ನಿಮ್ಮ ಮನೆ ಎಂದು ಇಳಿದು ಹೋಗಬಹುದಿತ್ತು. ಗೋಡೆಗೆ ಸುಣ್ಣ ಹೊಡೆಸಿಕೊಡುತ್ತೇನೆ, ಬಾಗಿಲು ಕೆತ್ತಿಸುತ್ತೇನೆ, ಕೊಳಾಯಿಗೆ ವಾಷರ್ ಹಾಕಿದರೆ ಆಯಿತು, ನಾನೇ ಹಾಕುತ್ತೇನೆ ಎಂದರು. ಹಾಗೆ ಅವನ ಮೂರು ಆಯುಧವನ್ನೂ ಒಂದೇ ಉಸಿರಿನಲ್ಲಿ ಕಿತ್ತುಕೊಂಡು, ಬಾಡಿಗೆ ಮಾತ್ರ ಇಳಿಸೋಕಾಗಲ್ಲ ಇವ್ರೇ ಎಂದರು. ಹೋಗುವುದಕ್ಕೂ ಇರುವುದಕ್ಕೂ ಆಗದೆ ನಿಂತವನನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಒಂದು ಉಪಕಾರ ಮಾಡುವವರ ದನಿಯಲ್ಲಿ, ಲೆಕ್ಕ ವಿವರಿಸಿದರು. ಟ್ಯಾಂಕಿನ ನೀರು ಇಷ್ಟು, ತಲೆಗೆ ಇಷ್ಟು ಖರ್ಚು. ನಾಲ್ಕನೆಯ ತಲೆ ಬಂದರೆ ಬೇಸಿಗೆಯಲ್ಲಿ ನೀರು ಕೊಳ್ಳಬೇಕು, ಕೊಳ್ಳಬೇಕಾದವರು ಮಾಲೀಕರೇ. ಅದೂ ಅಲ್ಲದೆ ಬೀದಿ ಕಡೆಯ ಕೋಣೆ ಸರಿಯಾಗಿ ಅವರ ಹಾಸಿಗೆಯ ಮೇಲಿತ್ತು. ಅಲ್ಲಿ ಯಾರಾದರೂ ಓಡಾಡಿದರೆ ಅವರಿಗೆ ನಿದ್ದೆಯಿಲ್ಲ. ಅದಕ್ಕೇ ನಾಲ್ಕು ಜನರ ಬಾಡಿಗೆ ಬೇರೆ, ಮೂರು ಜನರ ಬಾಡಿಗೆ ಬೇರೆ.

"ನಾನು ಬಾಡಿಗೆ ಇಳಿಸಲ್ಲ," ಎಂದರು. "ನೀವು ಜನ ಇಳಿಸಿ, ಬಾಡಿಗೆ ತಾನೇ ಇಳಿಯುತ್ತೆ. ನೀವು, ಮನೆಯವರು, ಮಗಳು, ಮೂರಾಯ್ತು. ನಿಮ್ಮ ಅಕ್ಕ ಅಂದಿದ್ರಲ್ಲ ನಿನ್ನೆ, ಅವರಿಗೆ ಬೇರೆ ಯಾರೂ ಇಲ್ವಾ?"

ಎಷ್ಟು ಇಳಿಯುತ್ತದೆ ಎಂದು ಅವನು ಕೇಳಿದ. ಅದನ್ನೇ ಮೊದಲು ಕೇಳಿದ, ಬೇರೇನನ್ನೂ ಅಲ್ಲ. ಆಮೇಲೆ ಎಷ್ಟೇ ದಿನ ಎಷ್ಟೇ ರೀತಿಯಲ್ಲಿ ಹೊರಳಿಸಿ ನೋಡಿದರೂ ಅವನಿಗೆ ಬದಲಾಯಿಸಲಾಗದೆ ಉಳಿದದ್ದು ಇದೊಂದು. ಎರಡು ಸಾವಿರ ಎಂದರು ಮಾಲೀಕರು. ಅವನಿಗೆ ಮೊದಲು ಬಂದದ್ದು ಸಂತೋಷ. ಹೆಂಡತಿಗೆ ಹೇಳಿದ ಸಂಖ್ಯೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಎದುರಿಗೆ ಬಂದು ನಿಂತಿತ್ತು. ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ, ಹದಿನೈದು ಗಂಟೆ ತಡವಾಗಿ ಬಂದ ನಿಜವಾಗುತ್ತದೆ. ಮೂರು ಎಂದು ಬರೆದುಬಿಡುವುದು, ಆಮೇಲೆ ನಿಧಾನವಾಗಿ ಅಕ್ಕ ಒಂದು ವಾರಕ್ಕೆ ಬರುವುದು, ವಾರ ಹದಿನೈದು ದಿನವಾಗುವುದು, ಮಷಿನ್ನು ಬರುವುದು, ಒಮ್ಮೆ ಬಂದ ಮೇಲೆ ಯಾರು ಹೊರಗೆ ಹಾಕುತ್ತಾರೆ. ಲೋಕದಲ್ಲಿ ಎಲ್ಲರೂ ಹೀಗೆಯೇ ಮಾಡುವುದು. ಮಾಲೀಕರು ಅವನ ಮುಖವನ್ನೇ ನೋಡುತ್ತಿದ್ದರು. ಹಾಗಾದ್ರೆ ಮೂರು ಅಂತೀರಾ ಎಂದರು. ಮೂರೇ, ಎಂದ ಅವನು. ಅಕ್ಕ ಬರಲ್ಲ. ಅವಳಿಗೆ ಅವಳದೇ ಆದ ಜಾಗ ಇದೆ, ಎಂದ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ನಿಂತ ಸದ್ದು ಕೇಳಿಸಿತು. ಬರುತ್ತಿದ್ದ ಸದ್ದು ಅವನಿಗೆ ಕೇಳಿಸಿರಲಿಲ್ಲ, ನಿಂತದ್ದು ಕೇಳಿಸಿತು.

ಅಕ್ಕ ಬಾಗಿಲಲ್ಲಿದ್ದಳು. ಕರೆಯುವವರೆಗೆ ಕಾಯುವ ತಾಳ್ಮೆ ಅವಳಿಗೆ ಯಾವತ್ತೂ ಇದ್ದದ್ದೇ, ಇವತ್ತು ಒಂದು ದಿನ ಇರಲಿಲ್ಲ. ಒಂದು ಕೈಯಲ್ಲಿ ಸೂಜಿಯ ಚಿಕ್ಕ ಪೊಟ್ಟಣ, ಇನ್ನೊಂದು ಕೈಯಲ್ಲಿ ಆಗಲೇ ಚೀಲದಿಂದ ತೆಗೆದು ಹಿಡಿದ ಟೇಪು. ಮಾಲೀಕರು ಕೀಲಿಗೊಂಚಲನ್ನು ಹಿಡಿದುಕೊಂಡು ಅವಳ ಕಡೆ ತಿರುಗಿದರು. "ಇವರು?" ಎಂದರು, ಅವನನ್ನು.

ಇದು ನಮ್ಮಕ್ಕ, ಎರಡೇ ಶಬ್ದ, ಬಾಯಲ್ಲಿಯೇ ಇದ್ದವು. ಅವನ್ನು ಆಡಿದರೆ ಈಗಷ್ಟೇ ಆಡಿದ್ದು ಈ ಸ್ವೆಟರಿನ ಮನುಷ್ಯನ ಮುಂದೆ ಸುಳ್ಳಾಗುತ್ತದೆ, ನಿನ್ನೆ ಆಡಿದ್ದು ಹೆಂಡತಿಯ ಮುಂದೆ ಸುಳ್ಳಾಗುತ್ತದೆ, ಮನೆ ಕೈ ಬಿಡುತ್ತದೆ. ಆಡದಿದ್ದರೆ ಏನಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದಿರಲು ಅವನೇನು ನಿನ್ನೆ ಮೊನ್ನೆ ಈ ಕೆಲಸಕ್ಕೆ ಸೇರಿದವನೇ. ಅವನು ಬಲ್ಲ ಮೌನ ಇದೊಂದೇ. ಅದನ್ನೇ ಹಿಡಿದು ನಿಂತ. ಅಕ್ಕ ಅವನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಕೂಡ ಇರಲಿಲ್ಲ. ಬಟ್ಟೆ ಸಾಲದೆ ಬಂದಾಗ ಎಲ್ಲಿ ಕಡಿಮೆ ಮಾಡಿದರೆ ಹೊಂದುತ್ತದೆ ಎಂದು ನೋಡುವಾಗ ಅವಳು ಹಾಗೆ ನೋಡುತ್ತಿದ್ದಳು. ಅವನು ಮೂರರವರೆಗೆ ಎಣಿಸಿದ್ದ.

"ಪರದೆ ಹೊಲಿಯೋಳು ಸಾರ್," ಎಂದಳು ಅಕ್ಕ ಮಾಲೀಕರಿಗೆ. "ಕಿಟಕಿ ಅಳತೆಗೆ ಬರೋಕೆ ಹೇಳಿದ್ರು."

ಹೇಳಿ, ಟೇಪು ಬಿಚ್ಚಿ, ಹಾಲ್‌ನ ಕಿಟಕಿಗೆ ಹಿಡಿದೇಬಿಟ್ಟಳು. ಎತ್ತರ ಹೇಳಿಕೊಂಡಳು, ಅಗಲ ಹೇಳಿಕೊಂಡಳು, ಚೀಲದಿಂದ ತುಂಡು ಪೆನ್ಸಿಲು ತೆಗೆದು ಸೂಜಿಯ ಪೊಟ್ಟಣದ ಮೇಲೆ ಬರೆದುಕೊಂಡಳು. ಮಾಲೀಕರಿಗೆ ಅವಳ ಕೆಲಸದ ಚುರುಕು ಹಿಡಿಸಿತು. ಅವನ ಕಡೆ ತಿರುಗಿ, ಪರವಾಗಿಲ್ಲ ಇವ್ರೇ, ಸಹಿಗೆ ಮುಂಚೆಯೇ ಪರದೆ, ಎಂದು ನಕ್ಕರು. ಅವನೂ ನಕ್ಕ. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಇತ್ತೋ ಅವನಿಗೆ ತಿಳಿಯಲಿಲ್ಲ, ತೆಗೆಯಲು ಮರೆತಿದ್ದ. ಅಕ್ಕ ಮೊದಲ ಕೋಣೆಗೆ ಹೋದಳು, ಎರಡನೆಯದಕ್ಕೆ ಹೋದಳು, ಬೀದಿ ಕಡೆಯ ಕೋಣೆಗೆ ಹೋದಳು. ಅಲ್ಲಿ ಅವಳು ಹೆಚ್ಚು ಹೊತ್ತು ಇದ್ದಳು. ಅಲ್ಲಿಂದ ಚಿಲಕ ಹಾಕಿ ತೆಗೆದ ಸದ್ದು ಬಂತು, ಒಮ್ಮೆ. ಚಿಲಕಕ್ಕೂ ಪರದೆಗೂ ಏನು ಸಂಬಂಧ ಎಂದು ಮಾಲೀಕರು ಕೇಳಲಿಲ್ಲ.

ಮೇಜಿನ ಮೇಲೆ ಕಾಗದದ ಎರಡನೆಯ ಪುಟದಲ್ಲಿ, ಮನೆಯಲ್ಲಿ ವಾಸಿಸುವವರ ಸಂಖ್ಯೆ ನಾಲ್ಕು ಎಂದು ಟೈಪಾಗಿತ್ತು. ಮಾಲೀಕರು ಆ ಸಾಲಿನ ಮೇಲೆ ಬೆರಳಿಟ್ಟರು. ಪೆನ್ನು ಚಾಚಿದರು. ನೀವೇ ಹೊಡೆದುಹಾಕಿ ಮೂರು ಅಂತ ಬರೀರಿ, ಪಕ್ಕದಲ್ಲಿ ಒಂದು ಚಿಕ್ಕ ಸಹಿ, ಆಮೇಲೆ ತಕರಾರು ಬರಬಾರದಲ್ಲ ಎಂದರು. ಅವನು ಪೆನ್ನು ತೆಗೆದುಕೊಂಡ. ಅವನ ಗೀಟು ನೇರವಾಗಿ ಬಂತು. ಬಾಡಿಗೆಯ ಸಾಲನ್ನು ಮಾಲೀಕರೇ ತಿದ್ದಿದರು. ಆಮೇಲೆ ಅವನು ಪ್ರತಿ ಪುಟದ ಕೆಳಗೂ ಸಹಿ ಹಾಕಿದ, ಮಾಲೀಕರು ಹಾಕಿದರು, ಕೊನೆಯಲ್ಲಿ ಎರಡನೆಯ ಸಾಕ್ಷಿಯ ಜಾಗ ಖಾಲಿ ಉಳಿಯಿತು. ಮಾಲೀಕರ ಕಡೆಯ ಸಾಕ್ಷಿಯಾಗಿ ಅವರ ಹೆಂಡತಿ ಕೆಳಗಡೆ ಮೊದಲೇ ಸಹಿ ಹಾಕಿಟ್ಟಿದ್ದರು. ನಿಮ್ಮ ಕಡೆಯವರು ಎಂದು ಕೇಳಿ, ಅವನು ಉತ್ತರ ಹುಡುಕುವಷ್ಟರಲ್ಲಿ ಮಾಲೀಕರೇ ಉಪಾಯ ಕಂಡುಕೊಂಡರು. ಕೋಣೆಯಿಂದ ಹೊರಗೆ ಬರುತ್ತಿದ್ದ ಅಕ್ಕನನ್ನು ತೋರಿಸಿ, ಇವರಿಗೆ ಓದು ಬರಹ ಬರುತ್ತಲ್ಲ, ಅಳತೆ ಬರ್ಕೊಂಡ್ರಲ್ಲ, ಇವರೇ ಹಾಕ್ಲಿ ಬಿಡಿ ಎಂದರು. ಅವನು ಬೇಡ ಎನ್ನಬೇಕೆಂದು ಕೈ ಎತ್ತಿದ. ಎತ್ತಿದ ಕೈಯಲ್ಲಿ ಪೆನ್ನಿತ್ತು. ಅಕ್ಕ ಅದನ್ನು ತೆಗೆದುಕೊಂಡಳು.

ಅವಳಿಗೆ ಕನ್ನಡಕ ಬೇಕಿತ್ತು, ಚೀಲದಿಂದ ತೆಗೆದು ಹಾಕಿಕೊಂಡಳು. ಕಾಗದವನ್ನು ಮೊದಲಿನಿಂದ ಓದಿದಳು. ಅವನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ಸತ್ತು, ಅಂದಿನಿಂದ ಅವನ ಶಾಲೆಯ ಪ್ರತಿಯೊಂದು ಕಾಗದಕ್ಕೂ ಹೀಗೆಯೇ, ಮೊದಲಿನಿಂದ ಕೊನೆಯವರೆಗೆ ಓದಿ, ಪೋಷಕರು ಎನ್ನುವ ಕಡೆ ಅವಳೇ ಸಹಿ ಹಾಕುತ್ತಿದ್ದಳು; ಆಗ ಅವಳಿಗೆ ಇಪ್ಪತ್ತು. ಮೊದಲ ಪುಟದಲ್ಲಿ ಅವನ ಹೆಸರಿನ ಮುಂದೆ ಅಪ್ಪನ ಹೆಸರು ಟೈಪಾಗಿತ್ತು. ಅಲ್ಲಿ ಅವಳ ಕಣ್ಣು ಸ್ವಲ್ಪ ನಿಂತಂತೆ ಅವನಿಗೆ ಅನ್ನಿಸಿತು. ಎರಡನೆಯ ಪುಟದ ಗೀಟಿನ ಮೇಲೂ ನಿಂತಿತೋ ಏನೋ, ಅವನು ನೋಡಲಿಲ್ಲ. ಸಾಕ್ಷಿಯ ಜಾಗದಲ್ಲಿ ಮೂರು ಗೆರೆ ಇದ್ದವು: ಹೆಸರು, ತಂದೆಯ ಹೆಸರು, ವಿಳಾಸ. ಹೆಸರು ಬರೆದಳು. ಎರಡನೆಯ ಗೆರೆಗೆ ಬಂದು ಪೆನ್ನು ನಿಲ್ಲಿಸಿ, ತಲೆಯೆತ್ತಿ, ಬೀದಿ ಕಡೆಯ ಕೋಣೆಯ ಬಾಗಿಲಿನ ಮೂಲಕ ಅಲ್ಲಿನ ಕಿಟಕಿಯ ಹೊರಗೆ ನೋಡಿದಳು. ಮಾಲೀಕರು, ತಂದೆ ಹೆಸರಮ್ಮ, ನಿಮ್ಮ ತಂದೆ ಹೆಸರು ಎಂದು ಸಹಾಯ ಮಾಡಿದರು. ಗೊತ್ತಾಯ್ತು ಸಾರ್ ಎಂದಳು. ಬರೆದಳು. ಅವಳ ಅಕ್ಷರ ಯಾವಾಗಲೂ ದುಂಡು. ಅವನು ಬಗ್ಗಿ ನೋಡಿದ. ಅದು ಅಪ್ಪನ ಹೆಸರಾಗಿರಲಿಲ್ಲ. ಅವನಿಗೆ ಪರಿಚಯದ ಯಾರ ಹೆಸರೂ ಆಗಿರಲಿಲ್ಲ.

ಹೊರಡುವಾಗ ಮಾಲೀಕರು, ನಮ್ಮ ಕೆಳಗಿನ ಮನೆಗೂ ನಾಲ್ಕು ಪರದೆ ಬೇಕಾಗಿತ್ತು, ಹೊಲಿಗೆಗೆ ಏನು ತೊಗೊಳ್ತೀರಿ ಎಂದು ಅಕ್ಕನನ್ನು ಕೇಳಿದರು. ಅವಳು ಹೇಳಿದಳು. ಮಾಲೀಕರು ಸ್ವೆಟರಿನ ಅಂಚು ಎಳೆದುಕೊಂಡು ಅವಳನ್ನು ನೋಡುತ್ತಾ ನಿಂತರು. ಅವನು ಎಣಿಸಬಾರದು ಎಂದುಕೊಂಡರೂ ಎಣಿಕೆ ತಾನಾಗಿ ಶುರುವಾಯಿತು. ಆರಕ್ಕೆ ಅಕ್ಕ, ನಿಮಗೆ ತೋಚಿದಷ್ಟು ಕೊಡಿ ಸಾರ್, ಹೇಗೂ ಈ ಕಡೆ ಬರ್ತಾ ಇರ್ತೀನಲ್ಲ ಎಂದಳು. ಚೌಕಾಸಿ ಮಾಡೋಕೇ ಬರಲ್ಲ ನಿಂಗೆ ಎಂದು ಅವನು ಎಷ್ಟೋ ಸಲ ಅವಳನ್ನು ಹಂಗಿಸಿದ್ದ, ಹೆಂಡತಿ ಮಗಳ ಮುಂದೆ. ಮಾಲೀಕರು ಖುಷಿಯಾಗಿ, ಒಳ್ಳೇ ಹೆಂಗಸು ಎಂದು ಅವನಿಗೆ ಹೇಳಿದರು. ಹೌದು ಎಂದ ಅವನು.

ಇಬ್ಬರೂ ಮೆಟ್ಟಿಲಿಳಿದು ಗೇಟು ದಾಟಿದರು. ಮೇಲಿನಿಂದ ಮಾಲೀಕರು ನೋಡುತ್ತಿರಬಹುದೆಂದು ಅಕ್ಕ ಅವನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದಳು; ಅಂಥ ಜಾಣತನ ಅವಳಿಗೆ ಯಾರು ಕಲಿಸಿದರೋ. ತಿರುವು ದಾಟಿದ ಮೇಲೆ ಅವನು ನಿಂತ. ಆ ಹೆಸರು ಯಾರದ್ದು ಎಂದು ಕೇಳಿದ. ಕೇಳಬೇಕಾದದ್ದು ಅದಲ್ಲ ಎಂದು ಕೇಳುತ್ತಿರುವಾಗಲೇ ಅವನಿಗೆ ಗೊತ್ತಿತ್ತು. ದಾರದ ಅಂಗಡಿ ಬೋರ್ಡಲ್ಲಿತ್ತು, ಅಲ್ಲಿಂದ ಕಾಣಿಸ್ತಿತ್ತು ಎಂದಳು ಅಕ್ಕ. ಅವನು ಮಾತಿನ ಮೇಲೆ ಮಾತು ಪೇರಿಸಿದ. ಇದು ಬರೀ ಕಾಗದ, ಎರಡು ಮೂರು ತಿಂಗಳು ಹೋಗಲಿ, ನಾನೇ ನಿಧಾನವಾಗಿ ಹೇಳಿ ಸರಿಮಾಡುತ್ತೇನೆ, ಅವರೇನು ಕೆಟ್ಟವರಲ್ಲ, ಅಲ್ಲಿಯವರೆಗೆ ಎಲ್ಲಾದರೂ ಒಂದು ವ್ಯವಸ್ಥೆ. ಅಲ್ಲಿಯವರೆಗೆ ಎಲ್ಲಿ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಸೂಜಿ ಮುರಿಯದ ಹಾಗೆ ಪೊಟ್ಟಣವನ್ನು ಚೀಲದ ಒಳಜೇಬಿಗೆ ಸೇರಿಸುತ್ತಿದ್ದಳು.

"ಸಾಕ್ಷಿ ಹಾಕಿದ್ದೀನಲ್ಲೋ ಪುಟ್ಟ," ಎಂದಳು. "ಮೂರೇ ಜನ ಅಂತ."

ಆಗ ಫೋನು ಬಂತು. ಹೆಂಡತಿ. ಕೌಂಟರಿನಲ್ಲಿ ಜನ ಕಡಿಮೆಯಾದ ಹೊತ್ತಿರಬೇಕು, ಹಿಂದೆ ಯಾರೋ ಟೋಕನ್ ಸಂಖ್ಯೆ ಕೂಗುತ್ತಿದ್ದರು. ಸಹಿ ಆಯ್ತಾ ಎಂದಳು. ಆಯ್ತು ಎಂದ. ಹೇಳಿದ ಮಾತಿಗೆ ನಿಂತ್ರಾ, ಎರಡು ಸಾವಿರ ಕಮ್ಮಿಯಾಗಿಯೇ ಬರೆದ್ರಾ ಎಂದಳು. ಬರೆದ್ರು ಎಂದ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅಕ್ಕನಿಗೆ ಕೊಡಿ ಎಂದಳು. ಅವನು ಆಮೇಲೆ ಎಂದ. ಕೊಡಿ ರೀ, ಇನ್ನು ಮೇಲೆ ಅವರದೂ ಒಂದು ರೂಮು, ನಾನೊಂದು ಮಾತು ಆಡಬಾರದಾ ಎಂದಳು ಹೆಂಡತಿ. ಅವಳ ದನಿ ಗಟ್ಟಿಯಾಗಿಯೇ ಇತ್ತು, ಅಕ್ಕನಿಗೆ ಕೇಳಿಸಿತು. ಅವಳೇ ಕೈ ಚಾಚಿದಳು. ಅವನು ಫೋನು ಕೊಟ್ಟ. ಈ ಸಲ ಎಣಿಸಲಿಲ್ಲ, ಅವಳು ನಿಜ ಹೇಳಿಬಿಡಲಿ ಎಂದು ಅವನ ಮನಸ್ಸಿನ ಯಾವುದೋ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಹೇಳಿದರೆ ಮನೆ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಆದರೂ ಹೇಳಿಬಿಡಲಿ, ಯಾರಾದರೊಬ್ಬರು ತನ್ನನ್ನು ಬೈಯಲಿ.

"ನೋಡ್ದೆ ಕಣಮ್ಮ," ಎಂದಳು ಅಕ್ಕ. "ಚೆನ್ನಾಗಿದೆ. ಬೆಳಕು ಎಡಗಡೆಯಿಂದಾನೇ ಬರುತ್ತೆ. ಬಾಗಿಲೂ ಗಟ್ಟಿಯಾಗಿದೆ, ಒಳಗಿನಿಂದ ಚಿಲಕ ಬೀಳುತ್ತೆ, ನಾನು ಹಾಕಿ ನೋಡ್ದೆ."

ಫೋನನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. ರಸ್ತೆಯ ಅಂಚಿಗೆ ಹೋಗಿ ಎರಡೂ ಕಡೆ ನೋಡಿದಳು, ಮತ್ತೆ ಒಮ್ಮೆ ನೋಡಿದಳು, ಬಸ್ಸು ನಿಲ್ಲುವ ಕಡೆಗೆ ಅವನಿಗಾಗಿ ಕಾಯದೆ ದಾಟಿದಳು.